ಕಣ್ಣು ಮುಚ್ಚಿ ಹೇಳಿದ ಆಮೆನ್

ಆ ಬೀದಿಗೆ ಹೊಸಬರು ಬಂದು ದರ್ಜಿ ಹೆಂಗಸಿನ ಮನೆ ಯಾವುದು ಅಂತ ಕೇಳಿದರೆ ಯಾರೂ ಬೆರಳು ಮಾಡಿ ತೋರಿಸುತ್ತಿರಲಿಲ್ಲ. "ಸ್ವಲ್ಪ ನಿಂತು ಕಿವಿಗೊಡಿ, ಮಿಷನ್ ಸದ್ದು ಎಲ್ಲಿಂದ ಬರುತ್ತೋ ಅದೇ ಮನೆ" ಅನ್ನುತ್ತಿದ್ದರು. ಬೆಳಗ್ಗೆ ಗಂಡ ಬಸ್ ಡಿಪೋಗೆ ಹೊರಟ ಮೇಲೆ ಶುರುವಾದ ಸದ್ದು ಮಧ್ಯಾಹ್ನ ಊಟಕ್ಕೆ ನಿಲ್ಲುತ್ತಿತ್ತು, ಆಮೇಲೆ ಸಂಜೆ ದೀಪ ಹಚ್ಚುವವರೆಗೆ ನಡೆಯುತ್ತಿತ್ತು. ಎದುರು ಮನೆಯ ಕೂಸಿಗೆ ಆ ಸದ್ದಿಲ್ಲದೆ ನಿದ್ದೆಯೇ ಹತ್ತುತ್ತಿರಲಿಲ್ಲವಂತೆ.

ಅಂಥ ಮನೆ ಆ ವಾರ ತುಟಿ ಪಿಟಕ್ಕೆನ್ನದೆ ಕೂತಿತ್ತು. ಶಾಲೆ ತೆರೆಯುವ ಕಾಲ. ಯೂನಿಫಾರಂ ಬಟ್ಟೆ ಕೊಟ್ಟವರು ಒಬ್ಬರ ಹಿಂದೆ ಒಬ್ಬರು ಬಂದು ಕಿಟಕಿಯಲ್ಲಿ ಇಣುಕುತ್ತಿದ್ದರು. ಕತ್ತರಿಸಿಟ್ಟ ಬಟ್ಟೆ ರಾಶಿ ರಾಶಿ ಬಿದ್ದಿದೆ. ದರ್ಜಿ ಹೆಂಗಸು ಮಾತ್ರ ಕಿಟಕಿ ಪಕ್ಕ ಕೂತು ಕೈಸೂಜಿಯಲ್ಲಿ ಅಂಚು ಮಡಚುತ್ತಿದ್ದಾಳೆ.

"ಮಿಷನ್ ಕೆಟ್ಟಿದೆಯಾ?"

"ಇಲ್ಲ."

"ಮತ್ತೆ ಇದೇನು, ಕೈಯಲ್ಲಿ?"

ಅವಳು ಮಿಷನ್ ಕಡೆ ನೋಡುತ್ತಿದ್ದಳು. ಅದರ ಚಕ್ರಕ್ಕೆ ಒಂದು ನೀಲಿ ರಿಬ್ಬನ್ ಕಟ್ಟಿತ್ತು. ಚರ್ಚಿನ ಸಭೆಗೆ ಹೋಗುವವರಿಗೆ ಅಷ್ಟು ನೋಡಿದರೆ ಸಾಕು, "ಓಹೋ" ಅಂತ ಸುಮ್ಮನಾಗುತ್ತಿದ್ದರು. ಉಳಿದವರು ಗೊಣಗಿಕೊಂಡು ಬಟ್ಟೆ ವಾಪಸ್ ತಗೊಂಡು ಹೋಗುತ್ತಿದ್ದರು.

ಒಳಗಿನ ಕೋಣೆಯಲ್ಲಿ ಅವಳ ಅತ್ತೆ ಕಾಳು ಆರಿಸುತ್ತಾ ಕೂತಿದ್ದರು. ಆರಿಸುವುದು ಬರೀ ನೆಪ, ಕಿವಿಯೆಲ್ಲಾ ಕಿಟಕಿಯಲ್ಲಿ. ಒಂದೊಂದು ಪ್ರಶ್ನೆಯೂ ತಮಗೇ ಚುಚ್ಚಿದ ಹಾಗೆ ಆಗುತ್ತಿತ್ತು. ಯಾಕೆಂದರೆ ಆ ರಿಬ್ಬನ್ ಮಿಷನ್ನಿಗೆ ಏರುವುದಕ್ಕೆ ಕಾರಣ ಅವರದೇ ಬಾಯಿ.

ಈ ಅತ್ತೆಯನ್ನು ಸಭೆಯಲ್ಲಿ ಎಲ್ಲರೂ ಆಮೆನ್ ಅಜ್ಜಿ ಅನ್ನುತ್ತಾರೆ. ಹಿಂದಿನಿಂದಲ್ಲ, ಎದುರಿಗೇ ಅನ್ನುತ್ತಾರೆ, ಅಜ್ಜಿಗೂ ಅದು ಖುಷಿಯೇ. ಪ್ರಾರ್ಥನೆ ಯಾರೇ ಮಾಡಲಿ, ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಬರುವುದು ಅವರ ಬಾಯಿಂದ. ಕಿವಿ ಮಂದವಾದ ಮುದುಕರು ಸಹ ಅಜ್ಜಿಯ ಆಮೆನ್ ಕೇಳಿ ಪ್ರಾರ್ಥನೆ ಮುಗಿಯಿತು ಅಂತ ಕಣ್ಣು ಬಿಡುತ್ತಾರೆ. ಚಿಕ್ಕ ವಯಸ್ಸಿನಿಂದ ಬಂದ ಅಭ್ಯಾಸ. ಪ್ರಾರ್ಥಿಸುವವರ ದನಿ ಕೊನೆಗೆ ಸ್ವಲ್ಪ ಇಳಿಯಿತೋ ಇಲ್ಲವೋ, ಅಜ್ಜಿಯ ನಾಲಿಗೆ ತಾನಾಗೇ ಹೊರಳುತ್ತದೆ. ಮಧ್ಯೆ ಏನು ಹೇಳಿದರು ಅಂತ ಕೇಳಿದರೆ ಅಜ್ಜಿಗೂ ಗೊತ್ತಿರುವುದಿಲ್ಲ, ಕೇಳಿಸಿಕೊಂಡಿದ್ದರೆ ತಾನೆ.

ಇನ್ನು ರಿಬ್ಬನ್ ಕಥೆ. ಸಭೆಯವರು ಚರ್ಚಿನ ಪಕ್ಕ ಹೊಸ ಹಾಲ್ ಕಟ್ಟಿದ್ದರು. ಗೋಡೆ ಎದ್ದಿತ್ತು, ಚಾವಣಿ ಬಂದಿತ್ತು, ಒಳಗೆ ಮಾತ್ರ ಖಾಲಿ ಖಾಲಿ. ಕುರ್ಚಿ ಬೇಕು, ಬೀರು ಬೇಕು, ಬಡ ಹುಡುಗಿಯರಿಗೆ ಹೊಲಿಗೆ ಕಲಿಸಬೇಕು ಅಂತ ಮಿಷನ್ ಬೇಕು. ಈ ಜವಾಬ್ದಾರಿ ಹೊತ್ತವರು ಸಭೆಯ ಹಿರಿಯರೊಬ್ಬರು. ಅವರದು ಪೇಂಟ್ ಅಂಗಡಿ. ಅವರ ಉಗುರು ನೋಡಿದರೆ ಆವತ್ತು ಯಾವ ಬಣ್ಣದ ಡಬ್ಬ ಒಡೆದಿದ್ದಾರೆ ಅಂತ ಹೇಳಬಹುದು. ಕೆಟ್ಟ ಮನುಷ್ಯರಲ್ಲ. ಇಡೀ ಹಾಲಿಗೆ ಬಣ್ಣ ಅವರದೇ, ಒಂದು ಕಾಸು ಮುಟ್ಟಲಿಲ್ಲ. ತಾನು ಕೊಟ್ಟೆನಲ್ಲ, ಮಿಕ್ಕವರಿಗೇನು ಕಷ್ಟ ಅನ್ನುವ ಒಂದೇ ಒಂದು ದೋಷ.

ಅವರೇ ಒಂದು ಪದ್ಧತಿ ಹುಡುಕಿದರು. ವಾರಕ್ಕೆ ಒಂದಿಷ್ಟು ಮನೆಗಳಲ್ಲಿ ಮನೆ ಪ್ರಾರ್ಥನೆ. ಹಾಡು ಆದ ಮೇಲೆ ಆ ಮನೆಯಿಂದ ಕರ್ತನಿಗೆ ಯಾವ ವಸ್ತು ಅಂತ ಮಾತು ಬರುತ್ತದೆ. ಬಂದ ವಸ್ತುವಿಗೆ ಅಲ್ಲೇ ಒಂದು ನೀಲಿ ರಿಬ್ಬನ್ ಕಟ್ಟುತ್ತಾರೆ. ಹಾಲ್ ತೆರೆಯುವ ಹಿಂದಿನ ದಿನ, ಶನಿವಾರ, ಕೈಗಾಡಿ ಬಂದು ಎಲ್ಲವನ್ನೂ ಒಯ್ಯುತ್ತದೆ. ಅಲ್ಲಿವರೆಗೆ ವಸ್ತು ಮನೆಯಲ್ಲೇ. ರಿಬ್ಬನ್ ಕತ್ತರಿಸಿ ಅಂಚು ಹೊಲಿದುಕೊಟ್ಟವಳು ಯಾರು ಅಂತೀರಿ? ಈ ದರ್ಜಿ ಸೊಸೆಯೇ. ಉಳಿದ ಬಟ್ಟೆಯ ತುಂಡಿನಲ್ಲಿ ಹೊಲಿದು, ಪುಕ್ಕಟೆ ಕೊಟ್ಟು, "ಇದೇ ನನ್ನ ಕಾಣಿಕೆ" ಅಂತ ನಕ್ಕಿದ್ದಳು.

ರಿಬ್ಬನ್ ಕಟ್ಟಿದ ಮೇಲೆ ಆ ವಸ್ತು ಬಳಸಬಾರದು ಅಂತ ಯಾರೂ ಹೇಳಿರಲಿಲ್ಲ. ಆದರೆ ಜನ ತಾವೇ ಹಾಗೆ ಅಂದುಕೊಂಡರು. ಒಂದು ಮನೆಯಲ್ಲಿ ಫ್ಯಾನಿಗೆ ರಿಬ್ಬನ್, ಕೆಳಗೆ ಗಂಡ ಹೆಂಡತಿ ಪೇಪರ್ ಹಿಡಿದು ಗಾಳಿ ಬೀಸಿಕೊಳ್ಳುತ್ತಿದ್ದಾರೆ. ಮನೆ ಮನೆಗೆ ಹಾಲು ಹಾಕುವವರ ಸೈಕಲ್ಲಿಗೆ ರಿಬ್ಬನ್, ಅವರು ಎರಡೂ ಕಡೆ ಹಾಲಿನ ಕ್ಯಾನ್ ನೇತುಹಾಕಿ ಸೈಕಲ್ಲನ್ನು ತಳ್ಳಿಕೊಂಡೇ ಮನೆ ಮನೆ ತಿರುಗುತ್ತಿದ್ದಾರೆ. ಕೇಳಿದರೆ, "ದೇವರ ಸೈಕಲ್ಲಿನ ಮೇಲೆ ಕೂರೋಕೆ ಆಗುತ್ತಾ?" ಅನ್ನುತ್ತಿದ್ದರು. ಕ್ಯಾನ್ ನೇತುಹಾಕಬಹುದು, ಕೂರಬಾರದು, ಅದ್ಯಾವ ಲೆಕ್ಕವೋ ಅವರನ್ನೇ ಕೇಳಬೇಕು. ಮತ್ತೆ ರಿಬ್ಬನ್ ಇಲ್ಲದ ಮನೆಗಳ ಪಾಡು? ಅವರಿಗೋಸ್ಕರ ಎಲ್ಲರೂ ಪ್ರಾರ್ಥನೆ ಮಾಡುತ್ತಿದ್ದರು, ಹೆಸರು ಹಿಡಿದು.

ಅಜ್ಜಿಯ ಮನೆಯಲ್ಲಿ ಪ್ರಾರ್ಥನೆ ಆದ ಸಂಜೆ ಮುಂದಿನ ಕೋಣೆ ತುಂಬಿತ್ತು. ಬಾಗಿಲಲ್ಲಿ ಸಹ ಜನ ನಿಂತಿದ್ದರು. ಅಜ್ಜಿ ಮನೆಯ ಹಳೇ ಗೋಡೆ ಗಡಿಯಾರ ಕೊಡೋಣ ಅಂತ ಮನಸ್ಸಿನಲ್ಲೇ ಇಟ್ಟುಕೊಂಡಿದ್ದರು. ಹಿರಿಯರು ಕೇಳಿದರೆ ಹೇಳೋಣ ಅಂತ ಕಾದರು. ಹಿರಿಯರು ಕೇಳಲೇ ಇಲ್ಲ. ಕಣ್ಣು ಮುಚ್ಚಿ ಪ್ರಾರ್ಥನೆ ಶುರು ಮಾಡಿದರು. ಮಗನಿಗೆ ಆರೋಗ್ಯ ಕೊಡು, ಸೊಸೆಯ ಕೈಕೆಲಸ ಆಶೀರ್ವದಿಸು, ಈ ಮನೆಯವರು ಸಂತೋಷವಾಗಿ ನಿನ್ನ ಪಾದಕ್ಕೆ ಅರ್ಪಿಸುತ್ತಿರುವ ಈ ಹೊಲಿಗೆ ಮಿಷನ್ನನ್ನು ಸ್ವೀಕರಿಸು ಅಂತ ಹೇಳಿ ದನಿ ಇಳಿಸಿದರು.

"ಆಮೆನ್" ಅಂದರು ಅಜ್ಜಿ, ಎಂದಿನಂತೆ ಎಲ್ಲರಿಗಿಂತ ಗಟ್ಟಿಯಾಗಿ.

ಕಣ್ಣು ಬಿಟ್ಟು ನೋಡಿದರೆ ಮಿಷನ್ನಿನ ಚಕ್ರಕ್ಕೆ ಗಂಟು ಬಿದ್ದಾಗಿದೆ. ಎಲ್ಲರೂ "ಸ್ತೋತ್ರ" ಅನ್ನುತ್ತಿದ್ದಾರೆ. ಸೊಸೆ ಟೀ ಲೋಟಗಳ ತಟ್ಟೆ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತುಬಿಟ್ಟಿದ್ದಾಳೆ. ಅಷ್ಟು ಜನರ ಮುಂದೆ ಏನು ಹೇಳುವುದು? ಅಜ್ಜಿಗೆ ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು. ನುಂಗೋಕೂ ಆಗದು, ಉಗುಳೋಕೂ ಆಗದು. ಟೀ ಕುಡಿದು ಜನ ಹೋದರು.

ಆವತ್ತಿನಿಂದ ಸೊಸೆ ಒಂದು ಮಾತೂ ಆಡಲಿಲ್ಲ. ಜಗಳ ಮಾಡಿದ್ದರೆ ಅಜ್ಜಿಗೆ ಎಷ್ಟೋ ಹಗುರವಾಗುತ್ತಿತ್ತು, ಜಗಳದಲ್ಲಿ ಅಜ್ಜಿಯದು ಎತ್ತಿದ ಕೈ. ಅವಳು ಹೊತ್ತಿಗೆ ಸರಿಯಾಗಿ ಊಟ ಹಾಕುತ್ತಿದ್ದಳು, ಮಾತ್ರೆ ಕೊಡುತ್ತಿದ್ದಳು, ಕಿಟಕಿ ಪಕ್ಕ ಹೋಗಿ ಕೂರುತ್ತಿದ್ದಳು. ಆ ಮಿಷನ್ ಅವಳು ಮದುವೆಗೆ ಮುಂಚೆ ಬಟ್ಟೆ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಕಾಜ ಹೊಲಿದು, ತಾನೇ ಕೂಡಿಟ್ಟು ತಗೊಂಡದ್ದು. ಮದುವೆಯಾಗಿ ಬಂದಾಗ ಅವಳ ಜೊತೆಗೆ ಬಂದಿದ್ದ ಆಸ್ತಿ ಅದೊಂದೇ. ಈಗ ಮಗನ ಸಂಬಳ ಬಾಡಿಗೆಗೆ ಸರಿಹೋಗುತ್ತದೆ, ಒಲೆ ಉರಿಯುವುದು ಆ ಮಿಷನ್ನಿನಿಂದ. ಮಗ ಒಂದೇ ಸಲ ಅಂದಿದ್ದ, "ಅಮ್ಮಾ, ಅದು ಅವಳದ್ದು. ನನ್ನದೂ ಅಲ್ಲ, ನಿನ್ನದೂ ಅಲ್ಲ."

"ದೇವರ ಮುಂದೆ ಆಡಿದ ಮಾತು ಕಣೋ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು" ಅಂದಿದ್ದರು ಅಜ್ಜಿ. ಬಾಯಲ್ಲಿ ಧೈರ್ಯ, ಒಳಗೆ ಭಯ. ಕೊಟ್ಟರೆ ಮನೆ ಕೆಡುತ್ತದೆ, ಕೊಡದಿದ್ದರೆ ದೇವರ ಕೋಪ ಬರುತ್ತದೆ. ಶನಿವಾರಕ್ಕೆ ಇನ್ನೆಷ್ಟು ದಿನ ಅಂತ ಬೆರಳು ಮಡಚಿ ಎಣಿಸುತ್ತಿದ್ದರು.

ಗುರುವಾರ ಮಧ್ಯಾಹ್ನ ಪಕ್ಕದ ಮನೆ ನರ್ಸಮ್ಮ ಬಂದರು. ಇವರೂ ಅದೇ ಸಭೆಯವರು. ದೊಡ್ಡ ಆಸ್ಪತ್ರೆಯಲ್ಲಿ ರಕ್ತದಾನದ ವಿಭಾಗದಲ್ಲಿ ಕೆಲಸ. ಅವರ ಮನೆಯಲ್ಲಿ ಒಂದೂ ರಿಬ್ಬನ್ ಇರಲಿಲ್ಲ, ಹಾಗಾಗಿ ಅವರಿಗೋಸ್ಕರ ಬಹಳ ಪ್ರಾರ್ಥನೆ ನಡೆದಿತ್ತು. ವಾರಕ್ಕೊಮ್ಮೆ ಅಜ್ಜಿಯ ಬಿಪಿ ನೋಡುವುದು ಅವರ ರೂಢಿ. ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿ ನೋಡಿದರು. ಮುಖ ಗಂಟಿಕ್ಕಿದರು.

"ಏನಜ್ಜಿ ಇದು, ಗಗನಕ್ಕೇರಿದೆ. ಉಪ್ಪು ಜಾಸ್ತಿ ತಿಂದ್ರಾ?"

"ಉಪ್ಪಲ್ಲಮ್ಮಾ, ತಪ್ಪು ತಿಂದೆ" ಅಂದರು ಅಜ್ಜಿ. ಕಣ್ಣಲ್ಲಿ ನೀರು ಬಂತು. ನಡೆದದ್ದನ್ನೆಲ್ಲಾ ಹೇಳಿದರು.

ನರ್ಸಮ್ಮ ಪಟ್ಟಿ ಬಿಚ್ಚಿ ಮಡಚಿಟ್ಟರು. "ಕೊಡೋ ಇಷ್ಟ ನಿಮಗಿತ್ತಾ?"

"ಗಡಿಯಾರ ಕೊಡೋ ಇಷ್ಟ ಇತ್ತು."

"ಸೊಸೆಗೆ?"

"ಅವಳನ್ನ ಯಾರು ಕೇಳಿದ್ರು?"

"ಹಾಗಾದ್ರೆ ಕೊಟ್ಟೋರು ಯಾರು?"

ಅಜ್ಜಿ ಯೋಚಿಸಿದರು. ಹಿರಿಯರು ಕೊಟ್ಟರು ಅನ್ನೋಣವೆಂದರೆ ಮಿಷನ್ ಅವರದಲ್ಲ. ತಾನು ಕೊಟ್ಟೆ ಅನ್ನೋಣವೆಂದರೆ ತನ್ನದೂ ಅಲ್ಲ. "ಯಾರೂ ಕೊಡಲಿಲ್ಲ ಕಣಮ್ಮ, ಅದೇ ಹೋಯ್ತು" ಅಂದರು.

ನರ್ಸಮ್ಮ ನಕ್ಕುಬಿಟ್ಟರು. "ನೋಡಿ ಅಜ್ಜಿ, ನಮ್ಮಲ್ಲಿ ರಕ್ತ ಕೊಡೋಕೆ ಜನ ಬರ್ತಾರೆ. ಎಷ್ಟೋ ಸಲ ಆಫೀಸಿನವರು ಗುಂಪಾಗಿ ಬರ್ತಾರೆ. ಎಲ್ಲರೂ ಬಂದ್ರು ಅಂತ ತಾನೂ ಬಂದೋರು ಒಬ್ಬರಾದ್ರೂ ಇರ್ತಾರೆ. ಅದಕ್ಕೆ ನಾವು ಒಬ್ಬೊಬ್ಬರನ್ನೇ ಪರದೆ ಹಿಂದೆ ಕರೀತೀವಿ. ನಿಮಗೆ ನಿಜವಾಗ್ಲೂ ಇಷ್ಟ ಇದೆಯಾ ಅಂತ ಕೇಳ್ತೀವಿ. ಇಲ್ಲ ಅಂದ್ರೆ ಹಿಂದಿನ ಬಾಗಿಲಿಂದ ಕಳಿಸ್ತೀವಿ. ಯಾಕೆ ಅಂತ ಕೇಳಲ್ಲ, ಹೊರಗಿರೋರಿಗೆ ಹೇಳಲ್ಲ."

"ಮಲಗಿದ ಮೇಲೆ ಬೇಡ ಅಂದ್ರೆ?"

"ಎದ್ದು ಹೋಗಬಹುದು. ಮೊದಲು ಹೂಂ ಅಂದಿದ್ರಿ, ಈಗ ಕೊಡಲೇಬೇಕು ಅಂತ ಕೈ ಹಿಡಿದು ಚುಚ್ಚೋಕಾಗುತ್ತಾ? ಇನ್ನೊಂದು ಕೇಳಿ. ಇಷ್ಟ ಇದೆ ಅಂದ್ರೂ ನಾವು ಅವರ ಮೈಯಲ್ಲಿ ರಕ್ತ ಸಾಕಷ್ಟಿದೆಯಾ ಅಂತ ನೋಡ್ತೀವಿ. ಕಡಿಮೆ ಇದ್ರೆ, ಅಣ್ಣಾ ನೀನು ಊಟ ಮಾಡಿ ಚೆನ್ನಾಗಾಗು, ಆಮೇಲೆ ಬಾ ಅಂತೀವಿ. ಕೊಟ್ಟೋನು ಅಲ್ಲೇ ಬಿದ್ದುಹೋದ್ರೆ ಅದು ದಾನ ಹೇಗಾಯ್ತು? ಅತ್ತೆ ಬಂದು ಸೊಸೆಯ ರಕ್ತ ತಗೊಳ್ಳಿ ಅಂದ್ರಂತೂ ನಾವು ಬಾಗಿಲಲ್ಲೇ ನಿಲ್ಲಿಸ್ತೀವಿ."

ಅಜ್ಜಿ ಅಷ್ಟು ಸುಲಭಕ್ಕೆ ಬಗ್ಗುವವರಲ್ಲ. "ನೀನು ಔಷಧಿ ವಿಷಯ ಹೇಳು, ಒಪ್ತೀನಿ. ಇದು ದೇವರ ವಿಷಯ. ನಮ್ಮ ಬೈಬಲಿನಲ್ಲಿ ಆ ಗಂಡ ಹೆಂಡತಿ ಏನಾದ್ರು? ದೇವರಿಗೆ ಅಂತ ಹೊಲ ಮಾರಿದ್ರು, ಹಣದಲ್ಲಿ ಒಂದು ಪಾಲು ಹಿಂದಿಟ್ಟುಕೊಂಡ್ರು, ಬಿದ್ದು ಸತ್ತರು. ನಾನು ಒಂದು ಪಾಲಲ್ಲ, ಪೂರ್ತಿ ಹಿಂದಕ್ಕೆ ತಗೊಳ್ಳೋಕೆ ಹೊರಟಿದ್ದೀನಿ. ನನ್ನ ಗತಿ?"

"ಆ ಭಾಗ ಓದಿದ್ದೀರಾ ಅಜ್ಜಿ?"

"ನೂರು ಸಲ ಕೇಳಿದ್ದೀನಿ."

"ಕೇಳಿದ್ದೀರಾ, ಕೊನೆಗೆ ಆಮೆನ್ ಅಂದಿದ್ದೀರಾ?"

ಅಜ್ಜಿ ದುರುಗುಟ್ಟಿ ನೋಡಿದರು. ನರ್ಸಮ್ಮ ಅದಕ್ಕೆಲ್ಲಾ ಹೆದರುವ ಹೆಂಗಸಲ್ಲ, ಎದ್ದು ಕಪಾಟಿನಿಂದ ಅಜ್ಜಿಯ ವೇದಪುಸ್ತಕ ತಂದು, ಹುಡುಕಿ ತೆಗೆದು, ಕನ್ನಡಕವನ್ನೂ ಕೈಗಿಟ್ಟರು. ಅಜ್ಜಿ ಬೆರಳಿಟ್ಟು ನಿಧಾನವಾಗಿ ಓದಿದರು. ಮಧ್ಯದಲ್ಲಿ ಬೆರಳು ನಿಂತಿತು. ಹೊಲ ಮಾರುವ ಮುಂಚೆ ಅದು ನಿನ್ನದೇ ಆಗಿತ್ತು, ಮಾರಿದ ಮೇಲೂ ಹಣ ನಿನ್ನ ಕೈಯಲ್ಲೇ ಇತ್ತು ಅಂತ ಕರ್ತನ ಶಿಷ್ಯನಾದ ಅಪೊಸ್ತಲನೇ ಆ ಗಂಡನಿಗೆ ಹೇಳುವ ಜಾಗ. ಮತ್ತೊಂದು ಸಲ ಓದಿದರು.

"ಅಂದ್ರೆ ಅವರು ಕೊಡದಿದ್ರೂ ಆಗ್ತಿತ್ತಾ?"

"ಆಗ್ತಿತ್ತು. ಕೊಡಲೇಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಕೊಡದೇ ಇದ್ದದ್ದು ತಪ್ಪಾಗಲಿಲ್ಲ ಅಜ್ಜಿ. ಒಂದು ಪಾಲು ಇಟ್ಟುಕೊಂಡು, ಎಲ್ಲಾ ಕೊಟ್ವಿ ಅಂತ ಜನರ ಮುಂದೆ ತೋರಿಸಿಕೊಂಡರಲ್ಲ, ಆ ಸುಳ್ಳು ತಪ್ಪಾಯ್ತು." ನರ್ಸಮ್ಮ ಮುಂದಿನ ಕೋಣೆ ಕಡೆ ಕೈ ತೋರಿಸಿದರು. "ಈಗ ಹೇಳಿ. ಆ ರಿಬ್ಬನ್ ಏನು ಹೇಳ್ತಿದೆ? ಈ ಮನೆಯವರು ಸಂತೋಷದಿಂದ ಕೊಟ್ರು ಅಂತ ತಾನೆ? ಇದು ನಿಜವಾ?"

ಅಜ್ಜಿ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಇಷ್ಟು ದಿನ ಗಂಟು ಬಿಚ್ಚಿದರೆ ಏನಾಗುತ್ತೋ ಅಂತ ಹೆದರಿದ್ದರು. ಗಂಟು ಇರುವುದಕ್ಕೇ ಹೆದರಬೇಕಿತ್ತು ಅಂತ ಈಗ ಹೊಳೆಯಿತು.

"ಜನ ಏನಂತಾರೋ" ಅಂದರು ಕೊನೆಗೆ.

"ಅಂತಾರೆ. ಊರ ಬಾಯಿ ಮುಚ್ಚೋಕೆ ಯಾರಿಂದಾಗುತ್ತೆ? ನನ್ನ ಮನೆಯಲ್ಲಿ ರಿಬ್ಬನ್ ಇಲ್ಲ ಅಂತ ಎರಡು ವಾರದಿಂದ ಅಂತಾನೇ ಇದ್ದಾರೆ. ನನಗೇನು ಊಟ ಸೇರಿಲ್ವಾ, ನಿದ್ದೆ ಬಂದಿಲ್ವಾ? ನನ್ನ ಕೈಲಾದದ್ದನ್ನ ನಾನು ಕೊಡ್ತೀನಿ. ಯಾವಾಗ, ಏನು ಅಂತ ನನಗೆ ಗೊತ್ತು, ಸಾಕು."

ಅಜ್ಜಿ ದಡಕ್ಕನೆ ಎದ್ದರು. "ಸರಿ, ಈಗಲೇ ಹೋಗಿ ಬಿಚ್ಚಿ ಬಿಸಾಕ್ತೀನಿ."

"ಅಯ್ಯೋ ಕೂತ್ಕೊಳ್ಳಿ ಅಜ್ಜಿ. ಮತ್ತೆ ಅವಳನ್ನ ಕೇಳದೇನಾ?"

ಅಜ್ಜಿ ನಿಂತಲ್ಲೇ ನಿಂತರು. ಈ ಮನೆಗೆ ಸೊಸೆ ಬಂದು ಇಷ್ಟು ವರ್ಷವಾಯಿತು. ಅಡುಗೆ ಏನು ಮಾಡಲಿ ಅಂತ ಅವಳು ಅಜ್ಜಿಯನ್ನು ಕೇಳುತ್ತಿದ್ದಳು, ನೆಂಟರ ಮನೆಗೆ ಹೋಗಲಾ ಅಂತ ಕೇಳುತ್ತಿದ್ದಳು. ಅಜ್ಜಿ ಅವಳನ್ನು ಏನಾದರೂ ಕೇಳಿದ ನೆನಪು ಬರಲಿಲ್ಲ.

ನರ್ಸಮ್ಮ ಮನೆಗೆ ಹೋದ ಮೇಲೆ ಅಜ್ಜಿ ಕಿಟಕಿ ಪಕ್ಕ ಹೋಗಿ ಸೊಸೆಯ ಎದುರು ಕೂತರು. ಸೊಸೆ ಸೂಜಿಗೆ ದಾರ ಪೋಣಿಸುತ್ತಿದ್ದಳು. ಬೆರಳ ತುದಿಯೆಲ್ಲಾ ಚುಚ್ಚಿ ಚುಚ್ಚಿ ಕೆಂಪಾಗಿತ್ತು.

"ಮಿಷನ್ ಕೊಡೋಕೆ ನಿನಗೆ ಇಷ್ಟ ಇದೆಯಾ?" ಅಂತ ಕೇಳಿದರು.

ಸೊಸೆ ತಲೆ ಎತ್ತಲಿಲ್ಲ. "ನೀವು ಹೇಳಿಬಿಟ್ಟಿದ್ದೀರಲ್ಲ ಅತ್ತೆ."

"ನಾನು ಹೇಳಿದ್ದು ಬಿಡು. ನಾನು ಯಾವ ಪ್ರಾರ್ಥನೆ ಪೂರ್ತಿ ಕೇಳಿದ್ದೀನಿ? ನಿನ್ನನ್ನ ಕೇಳ್ತಿದ್ದೀನಿ."

ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. ಆಮೇಲೆ, "ಇಷ್ಟ ಇಲ್ಲ ಅತ್ತೆ" ಅಂದಳು. "ಹುಡುಗಿಯರು ಕಲೀಲಿ, ನನಗೂ ಆಸೆ ಇದೆ. ಆದ್ರೆ ಇದನ್ನ ಕೊಟ್ಟು ನಾನು ಏನು ಮಾಡ್ಲಿ? ದೇವರ ಮೇಲೆ ಕೋಪ ಬರ್ತಿದೆ ನನಗೆ. ಹಾಗೆ ಬರಬಾರದು ಅಂತ ಅಳು ಬರ್ತಿದೆ. ಚರ್ಚಿಗೆ ಹೋಗೋಕೇ ಮನಸ್ಸಿಲ್ಲ."

ಅಜ್ಜಿ ಸೊಸೆಯ ಹತ್ತಿರಕ್ಕೆ ಸರಿದರು. ಮಿಷನ್ ಹೋಗುತ್ತದೆ ಅಂತಷ್ಟೇ ತಿಳಿದಿದ್ದರು, ಅದರ ಜೊತೆ ಇನ್ನೂ ಏನು ಹೋಗುತ್ತಿತ್ತು ಅಂತ ಅವರಿಗೆ ಗೊತ್ತೇ ಇರಲಿಲ್ಲ. "ನನ್ನದು ತಪ್ಪಾಯ್ತು ಮಗಳೇ" ಅಂದರು. ಸೊಸೆ ಅವರ ಕೈ ಹಿಡಿದುಕೊಂಡು ಅತ್ತಳು. ಅಜ್ಜಿಯೂ ಅತ್ತರು. ಆಮೇಲೆ ಇಬ್ಬರೂ ಟೀ ಕುಡಿದು, ಶನಿವಾರ ಯಾರು ಏನು ಹೇಳಬೇಕು ಅಂತ ಮಾತಾಡಿಕೊಂಡರು.

ಶನಿವಾರ ಬೆಳಗ್ಗೆ ಕೈಗಾಡಿ ಬಾಗಿಲಿಗೆ ಬಂತು. ಮೇಲೆ ಒಂದು ಬೀರು, ಪೇಪರಿನಲ್ಲಿ ಗಾಳಿ ಬೀಸಿಕೊಳ್ಳುತ್ತಿದ್ದ ಮನೆಯವರ ಫ್ಯಾನು, ಎರಡು ಕುರ್ಚಿ. ಹಿಂದೆ ಹಿರಿಯರು, ಉಗುರಲ್ಲಿ ಹಸಿರು ಬಣ್ಣ. ಗಾಡಿ ತಳ್ಳುವವರ ಜೊತೆ ಸಭೆಯ ನಾಲ್ಕಾರು ಜನ. ಹಾಲಿನವರೂ ಸೈಕಲ್ ಒಪ್ಪಿಸೋಕೆ ಅಂತ ತಳ್ಳಿಕೊಂಡು ಬಂದು ಗಾಡಿ ಪಕ್ಕ ನಿಂತಿದ್ದರು. ಗೋಡೆಯಾಚೆ ನರ್ಸಮ್ಮ ಬಟ್ಟೆ ಒಣಹಾಕುತ್ತಿದ್ದರು, ಒಂದೇ ಬಟ್ಟೆಯನ್ನು ಬಹಳ ಹೊತ್ತು.

"ಒಯ್ಯೋ ಮುಂಚೆ ಒಂದು ಮಾತು ಪ್ರಾರ್ಥನೆ ಮಾಡೋಣ" ಅಂದು ಹಿರಿಯರು ಕಣ್ಣು ಮುಚ್ಚಿದರು. ಎಲ್ಲರೂ ಮುಚ್ಚಿದರು. ಅಜ್ಜಿ ಮಾತ್ರ ಕಣ್ಣು ಬಿಟ್ಟೇ ನಿಂತರು, ಒಂದೊಂದು ಮಾತನ್ನೂ ಕಿವಿಗೊಟ್ಟು ಕೇಳಿದರು. ಒಳ್ಳೆಯ ಪ್ರಾರ್ಥನೆಯೇ. ಆದರೆ ಅದರೊಳಗೆ "ಈ ಕುಟುಂಬ ಸಂತೋಷದಿಂದ" ಅನ್ನುವುದು ಮತ್ತೆ ಬಂತು. ಹಿರಿಯರು ದನಿ ಇಳಿಸಿದರು, ನಿಲ್ಲಿಸಿದರು.

ಯಾರೂ ಆಮೆನ್ ಅನ್ನಲಿಲ್ಲ. ಅಜ್ಜಿ ಶುರು ಮಾಡಿದ ಮೇಲೆ ತಾನೆ ಮಿಕ್ಕವರು ಹೇಳುವುದು? ಎಲ್ಲರೂ ಅಜ್ಜಿಗೆ ಕಾದರು. ಹಿರಿಯರು ಒಂದು ಕಣ್ಣು ಸ್ವಲ್ಪ ತೆರೆದು ನೋಡಿದರು.

"ಅಮ್ಮಾ, ಮೈ ಹುಷಾರಿಲ್ವಾ?"

"ಹುಷಾರಾಗಿದ್ದೀನಿ ಅಯ್ಯಾ. ಪ್ರಾರ್ಥನೆ ಪೂರ್ತಿ ಕೇಳಿಸಿಕೊಂಡೆ, ಅದಕ್ಕೇ ಆಮೆನ್ ಬರ್ತಿಲ್ಲ." ಅಜ್ಜಿ ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಈ ಮಿಷನ್ ನನ್ನದಲ್ಲ. ಆವತ್ತು ಅಭ್ಯಾಸಬಲದಿಂದ ಆಮೆನ್ ಅಂದುಬಿಟ್ಟೆ. ನನ್ನದಲ್ಲದ್ದನ್ನ ಕೊಟ್ಟೆ ಅಂತ ದೇವರ ಮುಂದೆ ಸುಳ್ಳು ಹೇಳಲಾರೆ."

"ಅಮ್ಮಾ, ನಾನು ಬಲವಂತ ಮಾಡಿದ್ನಾ? ಪ್ರಾರ್ಥನೆಯಲ್ಲಿ ಕೇಳಿದೆ, ನೀವು ಒಪ್ಪಿದ್ರಿ."

"ನೀವು ದೇವರನ್ನ ಕೇಳಿದ್ರಿ ಅಯ್ಯಾ. ನಮ್ಮನ್ನ ಕೇಳಲಿಲ್ಲ. ಪ್ರಾರ್ಥನೆ ಮಧ್ಯೆ ಯಾರಾದ್ರೂ ಕೈ ಎತ್ತಿ ಬೇಡ ಅಂತಾರಾ?"

ಹಿರಿಯರ ಮುಖ ಕೆಂಪಾಯಿತು. ಇಷ್ಟು ಜನರೆದುರು ಯಾರಿಗಾದರೂ ಹಾಗೇ ಆಗುತ್ತದೆ. ಸಿಟ್ಟು ಬರುತ್ತದೆ ಅಂತ ಎಲ್ಲರೂ ಅಂದುಕೊಂಡರು. ಅವರು ಗಾಡಿಯ ಹಿಡಿ ಹಿಡಿದುಕೊಂಡು ಬೀರು ನೋಡಿದರು, ಫ್ಯಾನು ನೋಡಿದರು. ಆಮೇಲೆ ಸೊಸೆಯ ಕಡೆ ತಿರುಗಿದರು. "ಹಾಗಾದ್ರೆ ಈಗ ಕೇಳ್ತೀನಮ್ಮಾ. ಇದನ್ನ ಕೊಡ್ತೀರಾ?"

"ಇಲ್ಲ ಅಣ್ಣಾ" ಅಂದಳು ಸೊಸೆ. ಮೆಲ್ಲಗೆ, ಆದರೆ ಎಲ್ಲರಿಗೂ ಕೇಳಿಸುವಂತೆ. "ಇದರಿಂದಲೇ ನಮ್ಮ ಊಟ. ಕೊಡೋಕಾಗಲ್ಲ."

"ಸಭೆಯಲ್ಲಿ ಆಗಲೇ ಹೇಳಿಬಿಟ್ಟಿದ್ದೀನಲ್ಲಮ್ಮಾ, ನಾಳೆ ಏನು ಹೇಳಲಿ?"

"ಕೇಳಿದೆ, ಇಲ್ಲ ಅಂದ್ರು ಅಂತ ಹೇಳಿ" ಅಂದರು ಅಜ್ಜಿ.

ಆಕಾಶವೇನೂ ಕಳಚಿ ಬೀಳಲಿಲ್ಲ. ಹಿರಿಯರು ಒಳಗೆ ಬಂದು ಬಗ್ಗಿ ತಾವೇ ಗಂಟು ಬಿಚ್ಚಿದರು. ಗಟ್ಟಿಯಾಗಿ ಕಟ್ಟಿದ್ದರು, ಉಗುರಲ್ಲಿ ಬಿಚ್ಚೋಕೆ ಹೊತ್ತು ಹಿಡಿಯಿತು. ಹೊರಗೆ ಹಾಲಿನವರು ಒಮ್ಮೆ ಕೆಮ್ಮಿ, "ಅಯ್ಯಾ, ನನ್ನನ್ನೂ ಒಂದು ಸಲ ಕೇಳ್ತೀರಾ?" ಅಂದರು. ನಿಂತಿದ್ದವರೆಲ್ಲಾ ನಕ್ಕರು. ಹಿರಿಯರೂ ನಗಬೇಕಾಯಿತು. ಕೇಳಿದರು. ಹಾಲಿನವರು ಉತ್ತರ ಹೇಳಿದ್ದೇ ಸೈಕಲ್ ಹತ್ತಿ ಹೊರಟೇಬಿಟ್ಟರು. ಬೀರು ಕೊಟ್ಟಿದ್ದ ಮನೆಯವರನ್ನು ಕೇಳಿದಾಗ ಅವರು, "ನಾವು ಮನಸಾರೆ ಕೊಟ್ಟದ್ದು, ತಗೊಂಡು ಹೋಗಿ" ಅಂದರು. ಅದು ಹಾಲಿಗೆ ಹೋಯಿತು. ಫ್ಯಾನು ಮಾತ್ರ ಬಂದ ದಾರಿಯಲ್ಲೇ ವಾಪಸ್ ಹೋಯಿತು.

ಮುಂದಿನ ವಾರ ಪಾಸ್ಟರ್ ಮತ್ತು ಸಭೆಯ ಸಮಿತಿ ಕೂತು ಮಾತಾಡಿತು. ಹಿರಿಯರೇ ವಿಷಯ ಎತ್ತಿದರು, ಅದನ್ನು ಅವರ ದೊಡ್ಡತನ ಅಂತಲೇ ಹೇಳಬೇಕು. ರಿಬ್ಬನ್ ಪದ್ಧತಿ ನಿಂತಿತು. ಕೊಡುವವರು ಮನೆಯಲ್ಲಿ ಮಾತಾಡಿಕೊಂಡು, ತಮ್ಮದೇ ವಸ್ತುವನ್ನು, ತಮಗೆ ಆದಾಗ ತಂದು ಹೊಸ ಹಾಲಿನ ಪಕ್ಕದ ಕೋಣೆಯಲ್ಲಿ ಇಟ್ಟುಹೋಗಬಹುದು, ಹೆಸರು ಓದುವುದಿಲ್ಲ ಅಂತ ತೀರ್ಮಾನವಾಯಿತು. ದುಡಿಮೆಯ ಸಾಮಾನು ಯಾರು ತಂದರೂ ತಗೊಳ್ಳುವುದಿಲ್ಲ ಅಂತಲೂ ಆಯಿತು. ಹಾಲಿಗೆ ಬೇಕಾದ ಸಾಮಾನೆಲ್ಲಾ ಬರಲಿಲ್ಲ. ಮೊದಮೊದಲು ಅರ್ಧ ಜನ ನೆಲದ ಮೇಲೆ ಕೂತರು. ಹೊಲಿಗೆ ಕ್ಲಾಸು ತಡವಾಗಿ, ಎರಡು ಮಿಷನ್ ಇದ್ದವರೊಬ್ಬರು ಬಳಸದೆ ಇಟ್ಟಿದ್ದ ಒಂದನ್ನು ಕೊಟ್ಟ ಮೇಲೆ ಶುರುವಾಯಿತು. ಸೊಸೆ ತನ್ನ ಯೂನಿಫಾರಂ ಕೆಲಸವೆಲ್ಲಾ ಮುಗಿಸಿ, ಒಂದು ದಿನ ತಾನಾಗಿ ಹೋಗಿ ಹುಡುಗಿಯರಿಗೆ ಕಾಜ ಹೊಲಿಯುವುದನ್ನು ತೋರಿಸಿಕೊಟ್ಟು ಬಂದಳು. ಮತ್ತೆ ಹೋಗುತ್ತಾಳೋ ಇಲ್ಲವೋ, ಅವಳ ಇಷ್ಟ.

ಅಜ್ಜಿಯೂ ಒಂದು ಸಂಜೆ ಆ ಪಕ್ಕದ ಕೋಣೆಗೆ ಹೋಗಿ ಬಂದರು. ತಮ್ಮದು, ತಮಗೆ ಮಾತ್ರ ಸೇರಿದ್ದು ಏನಿದೆ ಅಂತ ಬಹಳ ಯೋಚಿಸಿ, ಒಂದನ್ನು ಒಯ್ದು ಇಟ್ಟು ಬಂದರು. ಏನು ಇಟ್ಟರು ಅಂತ ಸೊಸೆಗೂ ಹೇಳಲಿಲ್ಲ, ನರ್ಸಮ್ಮನಿಗೂ ಹೇಳಲಿಲ್ಲ. ಎಲ್ಲರಿಗೂ ಕೇಳುವ ಹಾಗೆ ಬದುಕಿದ ಆ ಹೆಂಗಸಿಗೆ ಅಷ್ಟು ಸುಮ್ಮನಿರುವುದು ಎಷ್ಟು ಕಷ್ಟವಾಗಿರಬೇಕು ಅಂತ ಅವರನ್ನು ಬಲ್ಲವರಿಗೇ ಗೊತ್ತು. ಏನು ಇಟ್ಟರು ಅಂತ ನನಗೆ ಗೊತ್ತಿದೆ, ಆದರೆ ನಾನೂ ಹೇಳುವುದಿಲ್ಲ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಕೊಡುವುದು ಒಳ್ಳೆಯದೇ, ಬೇಡ ಅನ್ನುವವರು ಯಾರೂ ಇಲ್ಲ. ಆದರೆ ನಿಮ್ಮದನ್ನು ಕೊಡಿ, ಮನೆಯವರ ಜೊತೆ ಮಾತಾಡಿ ಕೊಡಿ, ಜನರ ಮುಂದೆ ಕೇಳಿದರೆ "ಯೋಚಿಸಿ ಹೇಳ್ತೀನಿ" ಅಂತ ಹೇಳಿ ಒಂದು ರಾತ್ರಿ ಮಲಗಿ ಏಳಿ. ಅನ್ನ ಹುಟ್ಟಿಸುವ ಸಾಮಾನಿಗೆ ಕೈ ಹಾಕಬೇಡಿ. ಹೆದರಿಸಿ ಕೇಳಿದರೆ, ಶಾಪದ ಮಾತಾಡಿದರೆ, ಮನೆಯವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ ಪಾಸ್ಟರಿಗೆ, ಸಮಿತಿಗೆ ಹೇಳಿ. ಅಲ್ಲೂ ಕೇಳದಿದ್ದರೆ ಸಭೆಯಲ್ಲಿ ನಿಮ್ಮಂತೆ ಹೆದರಿ ಕೂತವರು ಇನ್ನೂ ಇರುತ್ತಾರೆ, ಅವರ ಜೊತೆ ಸೇರಿ ಹೇಳಿ. ನೀವು ಕೇಳುವ ಜಾಗದಲ್ಲಿ ಇರುವವರಾದರೆ, ಒಬ್ಬೊಬ್ಬರನ್ನೇ ಕೇಳಿ, ಕಣ್ಣು ಬಿಟ್ಟು ಕೇಳಿ. ಇಲ್ಲ ಅಂದವರ ಮನೆಗೆ ಮೊದಲಿನ ಹಾಗೇ ಹೋಗಿ ಟೀ ಕುಡಿದು ಬನ್ನಿ.

ಮತ್ತೆ ಇನ್ನೊಂದು. ನಿಮ್ಮ ಮನೆಯಲ್ಲಿ ಯಾರದೋ ವಸ್ತುವಿಗೆ ಅವರನ್ನು ಕೇಳದೆ ನೀವು ಹೂಂ ಅಂದಿದ್ದೀರಾ ಅಂತ ಒಮ್ಮೆ ನೆನಪು ಮಾಡಿಕೊಳ್ಳಿ. ಅಂದಿದ್ದರೆ ಇವತ್ತೇ ಅವರ ಪಕ್ಕ ಹೋಗಿ ಕೂತು ಕೇಳಿ. ಅವರು ಏನು ಹೇಳಿದರೂ ಪೂರ್ತಿ ಕೇಳಿಸಿಕೊಳ್ಳಿ.